ಅಲ್ಜೈಮರ್ ಇರುವವರ ರಕ್ತಕಣಗಳಲ್ಲಿ ಕ್ರೋಮೋಸೋಮ್ ಹಾಳಾಗಿರುತ್ತದಂತೆ, ನಿಜವೇ? ಅದು ಮಕ್ಕಳಿಗೂ ಬರುತ್ತದಾ?

ನೀವು ಕೇಳಿರುವುದು ಒಂದು ಪ್ರಶ್ನೆಯಲ್ಲ, ನಾಲ್ಕು. ನಿಮ್ಮ ತಾಯಿಗೆ ಅಲ್ಜೈಮರ್ ಇದೆ. ಅಂಥವರ ಬಿಳಿ ರಕ್ತಕಣಗಳಲ್ಲಿ ಕ್ರೋಮೋಸೋಮ್‌ಗಳು, ಅಂದರೆ ಡಿಎನ್‌ಎ ಸುತ್ತಿಟ್ಟ ವರ್ಣತಂತುಗಳು, ಅಸ್ಥಿರವಾಗಿರುತ್ತವೆ, ಡಿಎನ್‌ಎ ಮುರಿದಿರುತ್ತದೆ ಅಂತ ಎಲ್ಲೋ ಓದಿದ್ದೀರಿ. ಅದು ನಿಜವೇ, ನನಗೂ ಬಂದಿರಬಹುದಾ, ರಕ್ತ ಕೊಟ್ಟರೆ ಗೊತ್ತಾಗುತ್ತದಾ, ಆಂಟಿಆಕ್ಸಿಡೆಂಟ್ ಮಾತ್ರೆ ಶುರು ಮಾಡಲಾ ಅಂತ ಕೇಳಿದ್ದೀರಿ.

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಓದಿದ್ದು ಬಹುಮಟ್ಟಿಗೆ ನಿಜ. ಆ ಹಾನಿ ತಾಯಿಯಿಂದ ನಿಮಗೆ ಬರುವಂಥದ್ದಲ್ಲ. ಆ ಪರೀಕ್ಷೆಯಿಂದ ನಿಮ್ಮ ಭವಿಷ್ಯ ಗೊತ್ತಾಗುವುದಿಲ್ಲ. ಮಾತ್ರೆ ಬೇಡ. ನಾನು ಡಾಕ್ಟರ್ ಅಲ್ಲ, ಸೈಟೋಜೆನೆಟಿಕ್ಸ್, ಅಂದರೆ ಕ್ರೋಮೋಸೋಮ್ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡಿದವನು. ನೀವು ಓದಿದಂಥ ಲೆಕ್ಕಗಳು ಹೇಗೆ ಹುಟ್ಟುತ್ತವೆ ಅನ್ನುವುದನ್ನು ಮೈಕ್ರೋಸ್ಕೋಪಿನ ಹಿಂದೆ ಕೂತು ನೋಡಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ, ಉಳಿದ ಉತ್ತರಗಳೆಲ್ಲ ಅದರಲ್ಲೇ ಇವೆ.

ಮಿದುಳಿನ ಕಾಯಿಲೆಗೆ ರಕ್ತ ಯಾಕೆ ನೋಡುತ್ತಾರೆ? ಮೊದಲ ಕಾರಣ ತೀರಾ ಸರಳ. ಬದುಕಿರುವವರ ಮಿದುಳಿನಿಂದ ಚೂರು ತೆಗೆಯಲು ಆಗುವುದಿಲ್ಲ, ರಕ್ತ ಸುಲಭವಾಗಿ ಸಿಗುತ್ತದೆ. ಎರಡನೆಯದು, ದೊಡ್ಡವರ ನರಕೋಶ ವಿಭಜನೆಯಾಗುವುದಿಲ್ಲ. ಕ್ರೋಮೋಸೋಮ್ ಸರಿಯಾಗಿ ಪಾಲಾಗುತ್ತಿದೆಯಾ ಅಂತ ನೋಡಬೇಕಾದರೆ ಕೋಶ ಒಡೆದು ಎರಡಾಗಲೇಬೇಕು. ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣ ಇದಕ್ಕೆ ಹೇಳಿ ಮಾಡಿಸಿದಂತಿದೆ. ರಕ್ತದಲ್ಲಿ ಅದು ಸುಮ್ನೆ ಓಡಾಡಿಕೊಂಡಿರುತ್ತದೆ, ಆದರೆ ರಾಜ್ಮಾ ಕಾಳಿನಿಂದ ತೆಗೆದ ಫೈಟೋಹೀಮಗ್ಲುಟಿನಿನ್ ಎಂಬ ಪ್ರೋಟೀನ್ ಹಾಕಿದರೆ ಎಚ್ಚೆತ್ತು ವಿಭಜನೆಗೆ ಇಳಿಯುತ್ತದೆ.

ಹೀಗೆ ಎಬ್ಬಿಸಿದ ಕೋಶಗಳನ್ನು 37 ಡಿಗ್ರಿಯಲ್ಲಿ ಬೆಳೆಸುತ್ತೇವೆ. 44 ಗಂಟೆಯ ಹೊತ್ತಿಗೆ ಸೈಟೋಕಲಾಸಿನ್-ಬಿ ಸೇರಿಸುತ್ತೇವೆ. ಅದರ ಕೆಲಸ ಇಷ್ಟೇ: ಕ್ರೋಮೋಸೋಮ್‌ಗಳಿರುವ ನ್ಯೂಕ್ಲಿಯಸ್ (ಕೋಶಕೇಂದ್ರ) ಎರಡಾಗಲು ಬಿಡುತ್ತದೆ, ಕೋಶ ಎರಡಾಗಲು ಬಿಡುವುದಿಲ್ಲ. 72 ಗಂಟೆಗೆ ಕೋಶಗಳನ್ನು ತೆಗೆದು ಸ್ಲೈಡ್ ಮಾಡಿ ಸ್ಟೇನ್ ಹಾಕಿದರೆ, ಒಂದೇ ಕೋಶದೊಳಗೆ ಎರಡು ನ್ಯೂಕ್ಲಿಯಸ್ ಅಕ್ಕಪಕ್ಕ ಕೂತಿರುತ್ತವೆ. ಅಂದರೆ ಇದು ಒಂದೇ ಒಂದು ಸಲ ವಿಭಜನೆಯಾದ ಕೋಶ. ಈ ವಿಧಾನವನ್ನು 1985ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಫೆನೆಕ್ ಮತ್ತು ಅಲೆಕ್ ಮಾರ್ಲಿ ರೂಪಿಸಿದರು. ಇವತ್ತಿಗೂ ಎಲ್ಲ ಕಡೆ ಅದೇ ನಡೆಯುತ್ತಿದೆ.

ಈ ಎರಡು ನ್ಯೂಕ್ಲಿಯಸ್ ಅಲ್ಲದೆ ಕೆಲವು ಕೋಶಗಳಲ್ಲಿ ಒಂದು ಪುಟ್ಟ ಚುಕ್ಕೆಯೂ ಇರುತ್ತದೆ. ಅದೇ ಮೈಕ್ರೋನ್ಯೂಕ್ಲಿಯಸ್. ಆಸ್ತಿ ಪಾಲು ಮಾಡುವಾಗ ಯಾರ ಪಾಲಿಗೂ ಸೇರದೆ ಅಂಗಳದಲ್ಲೇ ಉಳಿದ ಪೆಟ್ಟಿಗೆ ಇದ್ದ ಹಾಗೆ. ಪಾಲಾಗುವಾಗ ಹಿಂದೆ ಬಿದ್ದ ಕ್ರೋಮೋಸೋಮ್ ಅಥವಾ ಅದರ ತುಂಡು ತನ್ನದೇ ಪೊರೆ ಸುತ್ತಿಕೊಂಡು ಅಲ್ಲೇ ಉಳಿದಿರುತ್ತದೆ.

ಕಂಡದ್ದನ್ನೆಲ್ಲ ಎಣಿಸುವ ಹಾಗಿಲ್ಲ. ಚುಕ್ಕೆ ದುಂಡಗಿರಬೇಕು. ಅದರ ಅಗಲ ದೊಡ್ಡ ನ್ಯೂಕ್ಲಿಯಸ್ಸಿನ ಮೂರನೇ ಒಂದು ಭಾಗ ದಾಟಬಾರದು. ಬಣ್ಣ ನ್ಯೂಕ್ಲಿಯಸ್ಸಿನ ಬಣ್ಣದಂತೆಯೇ ಇರಬೇಕು. ದೊಡ್ಡದಕ್ಕೆ ಅಂಟಿಕೊಂಡಿರಬಾರದು. ಫೋಕಸ್ ತಿರುಗಿಸಿದಾಗ ಮಿಣಮಿಣ ಹೊಳೆದರೆ ಅದು ಸ್ಟೇನಿನ ಕಣ, ಬಿಟ್ಟುಬಿಡಬೇಕು. ಒಬ್ಬರ ರಕ್ತಕ್ಕೆ ಕನಿಷ್ಠ 1000 ಇಂಥ ಜೋಡಿ ನ್ಯೂಕ್ಲಿಯಸ್ಸಿನ ಕೋಶ ಎಣಿಸಬೇಕು. ಸ್ಲೈಡಿನ ಮೇಲೆ ಹೆಸರು ಇರುವುದಿಲ್ಲ, ಬರೀ ಕೋಡ್ ನಂಬರ್. ರೋಗಿಯದ್ದೋ ಆರೋಗ್ಯವಂತರದ್ದೋ ಅಂತ ಎಣಿಸುವವರಿಗೆ ಗೊತ್ತಾಗಬಾರದು. ಗೊತ್ತಾದರೆ ಕಣ್ಣು ತನಗೆ ಬೇಕಾದದ್ದನ್ನೇ ಹುಡುಕಲು ಶುರು ಮಾಡುತ್ತದೆ. ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುವ ಕೆಲಸ ಇದು.

ಇಟಲಿಯ ಪೀಸಾ ವಿಶ್ವವಿದ್ಯಾಲಯದ ಲೂಚಿಯಾ ಮಿಲಿಯೋರೆ ಅವರ ತಂಡ 1990ರ ದಶಕದಲ್ಲಿ ಅಲ್ಜೈಮರ್ ರೋಗಿಗಳ ರಕ್ತವನ್ನು ಹೀಗೆ ನೋಡಿತು. ಅದೇ ವಯಸ್ಸಿನ ಆರೋಗ್ಯವಂತರಿಗಿಂತ ರೋಗಿಗಳಲ್ಲಿ ಮೈಕ್ರೋನ್ಯೂಕ್ಲಿಯಸ್ ಜಾಸ್ತಿ ಇದ್ದವು. ಆ ಚುಕ್ಕೆಯೊಳಗೆ ಏನಿದೆ ಅಂತಲೂ ಅವರು ಹುಡುಕಿದರು. ಸೆಂಟ್ರೋಮಿಯರ್, ಅಂದರೆ ಕ್ರೋಮೋಸೋಮಿನ ಸೊಂಟದ ಭಾಗಕ್ಕೆ ಅಂಟುವ ಹೊಳೆಯುವ ಪ್ರೋಬ್ ಹಾಕಿದರೆ ಇದು ಗೊತ್ತಾಗುತ್ತದೆ. ಹೊಳೆದರೆ ಇಡೀ ಕ್ರೋಮೋಸೋಮ್, ಹೊಳೆಯದಿದ್ದರೆ ಮುರಿದ ತುಂಡು. ಅಲ್ಜೈಮರ್‌ನಲ್ಲಿ ಹೆಚ್ಚಿನವು ಇಡೀ ಕ್ರೋಮೋಸೋಮ್‌ಗಳು. ಪಾರ್ಕಿನ್ಸನ್ ರೋಗಿಗಳಲ್ಲೂ ಚುಕ್ಕೆಗಳು ಜಾಸ್ತಿ ಇದ್ದವು, ಆದರೆ ಅಲ್ಲಿ ಹೆಚ್ಚಿನವು ತುಂಡುಗಳು. ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ ಅಂಶ ಇದು. ಎರಡೂ ವಯಸ್ಸಾದವರ ಮಿದುಳಿನ ಕಾಯಿಲೆ, ಆದರೂ ರಕ್ತದಲ್ಲಿ ಕಾಣುವ ತಪ್ಪು ಬೇರೆ ಬೇರೆ. ಒಂದರಲ್ಲಿ ಮುರಿಯುವುದು ಜಾಸ್ತಿ, ಇನ್ನೊಂದರಲ್ಲಿ ಪಾಲು ತಪ್ಪುವುದು ಜಾಸ್ತಿ. ಹಾಗಾಗಿ ‘ಕ್ರೋಮೋಸೋಮ್ ಮುರಿದಿರುತ್ತದೆ’ ಅಂದರೆ ಅದು ಅಲ್ಜೈಮರ್ ಮಟ್ಟಿಗೆ ಅರ್ಧ ಸತ್ಯ.

1999ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 13 ಮತ್ತು 21ನೇ ಕ್ರೋಮೋಸೋಮ್‌ಗಳನ್ನು ಹೋಲಿಸಿದಾಗ, ರೋಗಿಗಳ ಲಿಂಫೋಸೈಟ್‌ಗಳಲ್ಲಿ 21ನೆಯದು ಜಾಸ್ತಿ ಪಾಲು ತಪ್ಪುತ್ತಿತ್ತು.

21 ಅಂದ ಕೂಡಲೇ ಈ ವಿಷಯ ಗೊತ್ತಿರುವವರ ಕಿವಿ ನೆಟ್ಟಗಾಗುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತವೆ. 1959ರಲ್ಲಿ ಪ್ಯಾರಿಸ್ಸಿನಿಂದ ಜೆರೋಮ್ ಲೆಜೂನ್ ಮತ್ತವರ ಸಂಗಡಿಗರು ಇದನ್ನು ಪ್ರಕಟಿಸಿದರು. ಇವರಲ್ಲಿ ಬಹುತೇಕ ಎಲ್ಲರ ಮಿದುಳಿನಲ್ಲೂ 40 ವಯಸ್ಸಿನ ಹೊತ್ತಿಗೆ ಅಲ್ಜೈಮರ್ ಗುರುತುಗಳು ಕಾಣಿಸಿಕೊಳ್ಳುತ್ತವೆ. ಕಾರಣ 1987ರಲ್ಲಿ ಗೊತ್ತಾಯಿತು. ಮಿದುಳಿನಲ್ಲಿ ಗಡ್ಡೆಗಟ್ಟುವ ಬೀಟಾ-ಅಮೈಲಾಯ್ಡ್ ಯಾವ ಪ್ರೋಟೀನಿನಿಂದ ಬರುತ್ತದೋ ಆ ಎಪಿಪಿ ಜೀನ್ ಇರುವುದೇ 21ರಲ್ಲಿ. 1998ರಲ್ಲಿ 78 ವರ್ಷದ ಒಬ್ಬ ಮಹಿಳೆಯ ವಿಷಯ ವರದಿಯಾಯಿತು. ಅವರಿಗೆ ಡೌನ್ ಸಿಂಡ್ರೋಮ್ ಇತ್ತು, ಆದರೆ 21ರ ಒಂದು ಭಾಗ ಮಾತ್ರ ಹೆಚ್ಚುವರಿ ಇತ್ತು. ಎಪಿಪಿ ಇರುವ ಜಾಗ ಅದರಲ್ಲಿ ಸೇರಿರಲಿಲ್ಲ. ಅವರಿಗೆ ಮರೆವಿನ ಕಾಯಿಲೆ ಬರಲಿಲ್ಲ. 2006ರಲ್ಲಿ ಇದಕ್ಕೆ ಉಲ್ಟಾ ಉದಾಹರಣೆ ಸಿಕ್ಕಿತು. ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಡೌನ್ ಸಿಂಡ್ರೋಮ್ ಇಲ್ಲ, ಆದರೆ ಎಪಿಪಿ ಇರುವ ಜಾಗ ಮಾತ್ರ ಹೆಚ್ಚುವರಿ ಇದೆ. ಅವರಿಗೆ ಚಿಕ್ಕ ವಯಸ್ಸಿನಲ್ಲೇ ಅಲ್ಜೈಮರ್.

ಈ ನಂಟನ್ನು ಹಿಡಿದು ಅಮೆರಿಕದ ಹಂಟಿಂಗ್ಟನ್ ಪಾಟರ್ 1991ರಲ್ಲಿ ಒಂದು ವಾದ ಮುಂದಿಟ್ಟರು. ಸಾಮಾನ್ಯ ಅಲ್ಜೈಮರ್ ಬಂದವರ ಮೈಯಲ್ಲೂ ಅಲ್ಲೊಂದು ಇಲ್ಲೊಂದು ಕೋಶ 21ರ ಮೂರು ಪ್ರತಿ ಇಟ್ಟುಕೊಂಡಿರಬಹುದು, ಅವು ವಯಸ್ಸಿನ ಜೊತೆ ಹೆಚ್ಚುತ್ತಾ ಹೋಗಿ ಕಾಯಿಲೆ ತರಬಹುದು ಅಂತ. ಚೆಂದದ ವಾದ. ಲಿಂಫೋಸೈಟ್ ಮತ್ತು ಚರ್ಮದ ಕೋಶಗಳಲ್ಲಿ ಅದಕ್ಕೆ ಬೆಂಬಲವೂ ಸಿಕ್ಕಿತು. ಆದರೆ ಮಿದುಳಿನ ವಿಷಯಕ್ಕೆ ಬಂದಾಗ ಜಗಳ ಇನ್ನೂ ಮುಗಿದಿಲ್ಲ. ಕೆಲವು ತಂಡಗಳು ರೋಗಿಗಳ ನರಕೋಶದಲ್ಲಿ 21ರ ಲೆಕ್ಕ ತಪ್ಪಿದ್ದನ್ನು ಕಂಡೆವು ಅಂದವು. 2016ರಲ್ಲಿ ಒಂದೊಂದೇ ನರಕೋಶದ ಇಡೀ ಜೀನೋಮ್ ಓದಿದ ತಂಡಕ್ಕೆ ಅಂಥ ವ್ಯತ್ಯಾಸ ಸಿಗಲೇ ಇಲ್ಲ. ನನ್ನ ಒಲವು ಈ ಎರಡನೆಯವರ ಕಡೆಗೆ. ಪ್ರೋಬ್ ಹಾಕಿ ಹೊಳೆಯುವ ಚುಕ್ಕೆ ಎಣಿಸುವಾಗ ಎರಡು ಚುಕ್ಕೆ ಒಂದರ ಮೇಲೊಂದು ಕೂತು ಒಂದಾಗಿ ಕಾಣುವುದು, ಒಂದೇ ಚುಕ್ಕೆ ಒಡೆದು ಎರಡಾಗಿ ಕಾಣುವುದು ದಿನಬೆಳಗಾದರೆ ಇದ್ದದ್ದೇ.

ಹಾಗಾದರೆ ಪಾಲು ಯಾಕೆ ತಪ್ಪುತ್ತದೆ? ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುವುದು ಮೈಕ್ರೋಟ್ಯೂಬ್ಯೂಲ್ ಅನ್ನುವ ಸಣ್ಣ ಎಳೆಗಳು. ಅಲ್ಜೈಮರ್‌ನಲ್ಲಿ ಗಂಟು ಬೀಳುವ ಟಾವ್ ಪ್ರೋಟೀನಿನ ನಿಜವಾದ ಕೆಲಸವೇ ಈ ಎಳೆಗಳನ್ನು ಗಟ್ಟಿಯಾಗಿ ಇಡುವುದು. ಬೀಟಾ-ಅಮೈಲಾಯ್ಡ್ ಕೂಡ ಈ ಎಳೆತದ ಯಂತ್ರಕ್ಕೆ ಅಡ್ಡಿ ಮಾಡುತ್ತದೆ ಅಂತ ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ ತೋರಿಸಿದ್ದಾರೆ. ಮಿದುಳನ್ನು ಕಾಡುವ ಪ್ರೋಟೀನ್‌ಗಳಿಗೂ ಕೋಶ ವಿಭಜನೆಗೂ ಸಂಬಂಧ ಇದೆ ಅಂತಾಯಿತು.

ಇಷ್ಟು ಹೊತ್ತು ಹೇಳಿದ್ದು ಇಡೀ ಕ್ರೋಮೋಸೋಮಿನ ಕಥೆ. ಡಿಎನ್‌ಎ ಎಳೆಯ ಹಾನಿ ನೋಡಲು ಕಾಮೆಟ್ ಪರೀಕ್ಷೆ ಅಂತ ಬೇರೆಯೇ ಇದೆ. ಕೋಶಗಳನ್ನು ಅಗರೋಸ್ ಜೆಲ್ಲಿನಲ್ಲಿ ಕೂರಿಸಿ, ಪೊರೆ ಕರಗಿಸಿ, ಕರೆಂಟ್ ಹರಿಸುತ್ತಾರೆ. ಡಿಎನ್‌ಎ ಗಟ್ಟಿಯಾಗಿದ್ದರೆ ದುಂಡಗೆ ಕೂತಿರುತ್ತದೆ. ಮುರಿದಿದ್ದರೆ ತುಂಡುಗಳು ಒಂದು ಕಡೆಗೆ ಎಳೆದುಕೊಂಡು ಹೋಗಿ ಧೂಮಕೇತುವಿನ ಬಾಲ ಮೂಡುತ್ತದೆ. 2005ರಲ್ಲಿ ಪೀಸಾ ತಂಡ ಇದನ್ನೂ ಮಾಡಿತು. ರೋಗಿಗಳ ಬಿಳಿ ರಕ್ತಕಣಗಳಲ್ಲಿ ಮುರಿತ ಮತ್ತು ಆಕ್ಸಿಡೇಷನ್ ಹಾನಿ ಎರಡೂ ಹೆಚ್ಚಿದ್ದವು. ಇನ್ನೂ ಅಲ್ಜೈಮರ್ ಆಗಿರದ, ಸ್ವಲ್ಪ ಮರೆವು ಮಾತ್ರ ಶುರುವಾದವರಲ್ಲೂ ಹೆಚ್ಚಿದ್ದವು. ಅಂದರೆ ಈ ಹಾನಿ ಕಾಯಿಲೆಯ ಕೊನೆಗೆ ಬರುವಂಥದ್ದಲ್ಲ, ಬೇಗನೇ ಇರುತ್ತದೆ.

ಇಷ್ಟೆಲ್ಲ ಇದ್ದ ಮೇಲೆ ಪರೀಕ್ಷೆಯಾಗಿ ಯಾಕೆ ಬಳಸಬಾರದು ಅಂತ ಕೇಳುತ್ತೀರಿ, ಅಲ್ವಾ? ಯಾಕೆಂದರೆ ಇವೆಲ್ಲ ಗುಂಪಿನ ಸರಾಸರಿಗಳು. ಸರಾಸರಿ ಬೇರೆ ಇದ್ದರೂ ಎರಡು ಗುಂಪಿನ ಜನ ಒಬ್ಬರೊಳಗೊಬ್ಬರು ಬೆರೆತಿರುತ್ತಾರೆ. ರೋಗಿಯ ಸ್ಲೈಡಿನಲ್ಲಿ ಕಡಿಮೆ, ಆರೋಗ್ಯವಂತ ಅಜ್ಜಿಯ ಸ್ಲೈಡಿನಲ್ಲಿ ಜಾಸ್ತಿ ಸಿಗುವುದು ಮಾಮೂಲಿ. ವಯಸ್ಸಾದಂತೆ ಮೈಕ್ರೋನ್ಯೂಕ್ಲಿಯಸ್ ಎಲ್ಲರಲ್ಲೂ ಹೆಚ್ಚುತ್ತವೆ. ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ, ಎಕ್ಸ್ ಕ್ರೋಮೋಸೋಮ್ ಪದೇ ಪದೇ ಹೊರಗೆ ಬೀಳುವುದರಿಂದ. ಫೋಲೇಟ್ ಅಥವಾ ಬಿ12 ಕಮ್ಮಿ ಇದ್ದರೂ ಹೆಚ್ಚುತ್ತವೆ. ರೇಡಿಯೇಷನ್‌ಗೆ, ಕೆಲವು ಕೆಮಿಕಲ್‌ಗಳಿಗೆ ಮೈ ಒಡ್ಡಿಕೊಂಡರೂ ಅಷ್ಟೇ. ನಿಮ್ಮ ಸ್ಲೈಡಿನಲ್ಲಿ ಹತ್ತು ಚುಕ್ಕೆ ಜಾಸ್ತಿ ಸಿಕ್ಕಿದರೆ ಇವುಗಳಲ್ಲಿ ಯಾವುದರಿಂದ ಅಂತ ಯಾರೂ ಹೇಳಲಾರರು.

ರಕ್ತದ ಜೀನ್ ಹಾನಿ ಅಂದರೆ ಯಾವಾಗಲೂ ಕೆಟ್ಟದ್ದೇ ಅಂತಲೂ ಇಲ್ಲ, ನೋಡಿ. ವಯಸ್ಸಾದ ಗಂಡಸರ ರಕ್ತಕಣಗಳಲ್ಲಿ ವೈ ಕ್ರೋಮೋಸೋಮ್ ಕಳೆದುಹೋಗುವುದಕ್ಕೂ ಅಲ್ಜೈಮರ್‌ಗೂ ನಂಟಿದೆ ಅಂತ 2016ರಲ್ಲಿ ಸ್ವೀಡನ್ನಿನ ಉಪ್ಸಲಾದ ತಂಡ ಹೇಳಿತು. ಆದರೆ ರಕ್ತದ ಮೂಲಕೋಶಗಳಲ್ಲಿ ಮ್ಯುಟೇಷನ್ ಬಂದು ಒಂದೇ ವಂಶದ ಕಣಗಳು ಹೆಚ್ಚಾಗುವ ಇನ್ನೊಂದು ಸ್ಥಿತಿ ಇದೆ. ಹೃದಯಕ್ಕೂ ರಕ್ತಕ್ಕೂ ಅದು ಕೆಟ್ಟದ್ದು. ಆದರೆ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಇದ್ದವರಿಗೆ ಅಲ್ಜೈಮರ್ ಅಪಾಯ ಕಡಿಮೆ ಇತ್ತು! ಇದನ್ನು ಓದಿದಾಗ ನಾನೂ ಎರಡೆರಡು ಸಲ ನೋಡಿದೆ.

ಈಗ ನಿಮಗೆ ಬರುತ್ತದಾ ಅನ್ನುವ ಮಾತು. ನಿಮ್ಮ ತಾಯಿಯ ಲಿಂಫೋಸೈಟ್‌ನಲ್ಲಿ ಆದ ಹಾನಿ ಆ ಕೋಶದ ಜೊತೆಗೇ ಹೋಗುತ್ತದೆ. ನಿಮಗೆ ಬಂದಿರುವುದು ಅವರ ಅಂಡಾಣುವಿನ ಡಿಎನ್‌ಎ, ರಕ್ತದ್ದಲ್ಲ. ಅಲ್ಜೈಮರ್ ನಿಜವಾಗಿ ವಂಶದಲ್ಲಿ ಇಳಿದು ಬರುವುದು ಎಪಿಪಿ, ಪ್ರೆಸೆನಿಲಿನ್-1, ಪ್ರೆಸೆನಿಲಿನ್-2 ಜೀನ್‌ಗಳ ದೋಷದಿಂದ. ಒಟ್ಟು ರೋಗಿಗಳಲ್ಲಿ ಇಂಥವರು 100ಕ್ಕೆ ಒಬ್ಬರೂ ಇಲ್ಲ. ಎಪಿಒಇ ಜೀನಿನ ಇ4 ರೂಪ ಬೇರೆ. ಅದು ಅಪಾಯ ಹೆಚ್ಚಿಸುತ್ತದೆ, ಆದರೆ ಅದಿದ್ದೂ ಕಾಯಿಲೆ ಬಾರದವರು ಬೇಕಾದಷ್ಟು ಜನ. ಸಾಮಾನ್ಯ ಕ್ರೋಮೋಸೋಮ್ ಪರೀಕ್ಷೆ, ಅಂದರೆ ಕ್ಯಾರಿಯೋಟೈಪ್ ಮಾಡಿಸಬೇಡಿ. ಅದರಲ್ಲಿ ನೋಡುವುದು ಹೆಚ್ಚಾಗಿ 20 ಕೋಶ ಅಷ್ಟೇ. ನಿಮ್ಮ ತಾಯಿಯದನ್ನೇ ಮಾಡಿಸಿದರೂ ‘46, ಎಕ್ಸ್‌ಎಕ್ಸ್, ನಾರ್ಮಲ್’ ಅಂತಲೇ ಬರುವ ಸಾಧ್ಯತೆ ಜಾಸ್ತಿ. ದುಡ್ಡು ದಂಡ.

ರಕ್ತದಿಂದ ಅಲ್ಜೈಮರ್ ಪತ್ತೆ ಮಾಡುವ ಪರೀಕ್ಷೆ ಈಗ ಇದೆ, ಆದರೆ ಅದು ಕ್ರೋಮೋಸೋಮ್ ನೋಡುವುದಿಲ್ಲ. ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗ) ಟಾವ್ ಪ್ರೋಟೀನಿನ ಒಂದು ರೂಪವಾದ ಪಿ-ಟಾವ್217 ಮತ್ತು ಅಮೈಲಾಯ್ಡ್ ಎಷ್ಟಿದೆ ಅಂತ ಅಳೆಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮೊದಲ ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅನುಮತಿ ಕೊಟ್ಟಿತು. ಅದೂ 55 ದಾಟಿದ, ಲಕ್ಷಣ ಈಗಾಗಲೇ ಇರುವವರಿಗೆ ಮಾತ್ರ. ಆರಾಮಾಗಿರುವ ಮಕ್ಕಳು ಕುತೂಹಲಕ್ಕೆ ಮಾಡಿಸಿಕೊಳ್ಳುವಂಥದ್ದಲ್ಲ.

ಮಾತ್ರೆ ವಿಷಯ. ಆಕ್ಸಿಡೇಷನ್ ಹಾನಿ ಇದೆ ಅಂದಮೇಲೆ ಆಂಟಿಆಕ್ಸಿಡೆಂಟ್ ನುಂಗಿದರೆ ಸರಿಹೋಗಬೇಕು ಅಂತ ಅನ್ನಿಸುವುದು ಸಹಜ. ದೊಡ್ಡ ಪ್ರಯೋಗಗಳಲ್ಲಿ ಹಾಗಾಗಲಿಲ್ಲ. ಸ್ವಲ್ಪ ಮರೆವಿದ್ದವರಿಗೆ ವಿಟಮಿನ್ ಇ ಕೊಟ್ಟು ನೋಡಿದರು, ಅಲ್ಜೈಮರ್‌ಗೆ ತಿರುಗುವುದು ತಪ್ಪಲಿಲ್ಲ. ಆರೋಗ್ಯವಂತ ಗಂಡಸರಿಗೆ ವರ್ಷಗಟ್ಟಲೆ ಕೊಟ್ಟರು, ಮರೆವಿನ ಕಾಯಿಲೆ ಕಮ್ಮಿಯಾಗಲಿಲ್ಲ, ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಿತು. ಕಾಯಿಲೆ ಈಗಾಗಲೇ ಇರುವವರಲ್ಲಿ ದಿನನಿತ್ಯದ ಕೆಲಸ ಮಾಡುವ ಶಕ್ತಿ ಕುಂದುವುದು ಸ್ವಲ್ಪ ನಿಧಾನವಾಗಿದ್ದುಂಟು, ಆದರೆ ಅದು ಡಾಕ್ಟರ್ ನಿಗಾದಲ್ಲಿ ಕೊಟ್ಟ ಭಾರಿ ಡೋಸ್. ಬಿ12 ಮಾತ್ರ ಬೇರೆ ಮಾತು. ಅದರ ಕೊರತೆಯೇ ಮರೆವು ತರಬಹುದು, ತುಂಬಿಸಿದರೆ ಸುಧಾರಿಸಲೂಬಹುದು. ನಿಮ್ಮ ತಾಯಿಗೆ ಬಿ12 ಮತ್ತು ಥೈರಾಯ್ಡ್ ನೋಡಿಲ್ಲದಿದ್ದರೆ ಮೊದಲು ಅದನ್ನು ನೋಡಿಸಿ.

ಒಂದು ವಿಷಯ ನೀವು ಬರೆದಿಲ್ಲ: ತಾಯಿಗೆ ಎಷ್ಟನೇ ವಯಸ್ಸಿನಲ್ಲಿ ಶುರುವಾಯಿತು? 65 ದಾಟಿದ ಮೇಲಾದರೆ ಮೇಲೆ ಹೇಳಿದ ಅಪರೂಪದ ಜೀನ್ ದೋಷದ ಚಿಂತೆ ಹೆಚ್ಚುಕಡಿಮೆ ಬಿಟ್ಟುಬಿಡಬಹುದು. 60ಕ್ಕೂ ಮೊದಲೇ ಶುರುವಾಗಿ, ಅವರ ಅಪ್ಪ ಅಥವಾ ಅಮ್ಮ, ಅಣ್ಣತಮ್ಮಂದಿರಲ್ಲೂ ಅದೇ ವಯಸ್ಸಿಗೆ ಬಂದಿದ್ದರೆ ಮಾತ್ರ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. ಆಗಲೂ ಮೊದಲು ಪರೀಕ್ಷೆ ಆಗಬೇಕಾದದ್ದು ನಿಮ್ಮ ತಾಯಿಗೆ, ನಿಮಗಲ್ಲ. ಅವರಲ್ಲಿ ದೋಷ ಸಿಕ್ಕಿದರೆ ಮಾತ್ರ ನಿಮ್ಮಲ್ಲಿ ಯಾವುದನ್ನು ಹುಡುಕಬೇಕು ಅಂತ ಲ್ಯಾಬಿಗೆ ಗೊತ್ತಾಗುತ್ತದೆ.