ಪೆಟ್ಟಿಗೆಗೆ ಏನೂ ಆಗಿಲ್ಲ, ಒಳಗಿನ ಆಂಪ್ಲಿಫೈಯರ್ ಯಾಕೆ ಮುರೀತು?

ಹಳೇ ಆಂಪ್ಲಿಫೈಯರ್, ರೇಡಿಯೊ, ಟರ್ನ್‌ಟೇಬಲ್ ರಿಪೇರಿ ನನ್ನ ಕೆಲಸ. ಆದರೆ ಈಚೆಗೆ ಬರುವ ಪತ್ರಗಳಲ್ಲಿ ರಿಪೇರಿ ಪ್ರಶ್ನೆಗಳೇ ಕಮ್ಮಿ. ಮಾರಿದ ವಸ್ತು ಕೊರಿಯರ್‌ನಲ್ಲಿ ಒಡೆಯಿತು, ಈಗೇನು ಮಾಡಲಿ ಎಂಬ ಗೋಳೇ ಜಾಸ್ತಿ. ಐವತ್ತು ವರ್ಷ ಚೆನ್ನಾಗಿದ್ದ ವಸ್ತು ಮೂರು ದಿನದ ಪ್ರಯಾಣದಲ್ಲಿ ಹಾಳಾದರೆ ನನಗೆ ದುಃಖಕ್ಕಿಂತ ಸಿಟ್ಟೇ ಮೊದಲು ಬರುತ್ತದೆ. ಅದಕ್ಕೇ ಈ ಸಲ ಬರೀ ಪ್ಯಾಕಿಂಗ್. ಟೇಪ್ ಹಚ್ಚುವುದು ಹೇಗೆ, ವಿಳಾಸ ಬರೆಯುವುದು ಎಲ್ಲಿ ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ.

ಪ್ರಶ್ನೆ: ಸುಮಾರು 14 ಕೆ.ಜಿ. ತೂಕದ ವಾಲ್ವ್ (ಬಲ್ಬಿನಂಥ ಗಾಜಿನ ಕೊಳವೆ) ಆಂಪ್ಲಿಫೈಯರ್ ಮಾರಿದೆ. ನಾಲ್ಕು ಸುತ್ತು ಬಬಲ್ ರ‍್ಯಾಪ್ ಸುತ್ತಿ, ಗಟ್ಟಿ ರಟ್ಟಿನ ಪೆಟ್ಟಿಗೆಗೆ ಹಾಕಿ, ಎಲ್ಲ ಬದಿಗೂ ‘ಗಾಜು, ಹುಷಾರು’ ಸ್ಟಿಕ್ಕರ್ ಅಂಟಿಸಿದ್ದೆ. ತಲುಪಿದಾಗ ಟ್ರಾನ್ಸ್‌ಫಾರ್ಮರ್ ವಾಲಿಕೊಂಡಿತ್ತು, ವಾಲ್ಯೂಮ್ ನಾಬ್ ಒಳಗೆ ಹೋಗಿತ್ತು, ಒಂದು ವಾಲ್ವ್ ಒಡೆದಿತ್ತು. ಪೆಟ್ಟಿಗೆಯ ಒಂದು ಮೂಲೆಯೂ ಜಜ್ಜಿಲ್ಲ. ಕೊಂಡವರು ಸುಳ್ಳು ಹೇಳುತ್ತಿದ್ದಾರಾ?

ಇಲ್ಲ. ಅವರು ನಿಜವನ್ನೇ ಹೇಳುತ್ತಿದ್ದಾರೆ. ಮೊದಲು ಅವರಿಗೆ ಕ್ಷಮೆ ಕೇಳಿ, ಆಮೇಲೆ ಮುಂದೆ ಓದಿ.

ಪೆಟ್ಟಿಗೆ ಬಿದ್ದು ನೆಲಕ್ಕೆ ತಾಗಿದ ಕೂಡಲೇ ನಿಲ್ಲುತ್ತದೆ. ಒಳಗಿನ ತೂಕ ನಿಲ್ಲುವುದಿಲ್ಲ. ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಟ್ರಾನ್ಸ್‌ಫಾರ್ಮರ್ ಮಾಡುವುದೂ ಅದನ್ನೇ. ಪೆಟ್ಟಿಗೆ ಗಟ್ಟಿಯಾದಷ್ಟೂ ಅದರ ಮೇಲೆ ಗುರುತು ಬೀಳುವುದಿಲ್ಲ, ಪೆಟ್ಟು ನೇರ ಒಳಗೆ ಹೋಗುತ್ತದೆ.

ಎಷ್ಟು ಪೆಟ್ಟು? ಲೆಕ್ಕ ಸುಲಭ. ಬಿದ್ದ ಎತ್ತರವನ್ನು ವಸ್ತು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿ. ವಸ್ತುವಿನ ತೂಕದ ಸುಮಾರು ಅಷ್ಟು ಪಟ್ಟು ಒತ್ತಡ ಅದರ ಮೇಲೆ ಬೀಳುತ್ತದೆ. 60 ಸೆಂ.ಮೀ. ಎತ್ತರದಿಂದ ಬಿದ್ದು 1 ಸೆಂ.ಮೀ.ನಲ್ಲಿ ನಿಂತರೆ 60 ಪಟ್ಟು. ನಿಮ್ಮ ಟ್ರಾನ್ಸ್‌ಫಾರ್ಮರ್ 4 ಕೆ.ಜಿ. ಇದ್ದರೆ ಆ ಕ್ಷಣಕ್ಕೆ ಅದು 240 ಕೆ.ಜಿ.ಯಂತೆ ಎಳೆಯುತ್ತದೆ. ಇದು ಸರಾಸರಿ. ಗರಿಷ್ಠ ಪೆಟ್ಟು ಇದಕ್ಕಿಂತ ಜಾಸ್ತಿ. ಟ್ರಾನ್ಸ್‌ಫಾರ್ಮರನ್ನು ಹಿಡಿದಿರುವುದು ನಾಲ್ಕು ಬೋಲ್ಟು ಮತ್ತು ತೆಳ್ಳನೆ ತಗಡು. ಕೆಳಗಿನ ಮುಚ್ಚಳ ತೆಗೆದು ನೋಡಲು ಹೇಳಿ: ಬೋಲ್ಟ್ ಸುತ್ತ ತಗಡು ತಗ್ಗಿರುತ್ತದೆ, ಬಣ್ಣ ಬಿರುಕು ಬಿಟ್ಟು ಉದುರಿರುತ್ತದೆ, ಟ್ರಾನ್ಸ್‌ಫಾರ್ಮರ್‌ನ ವೈರುಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಒಂದೆರಡು ಬೆಸುಗೆ ಕಿತ್ತಿದ್ದರೂ ಆಶ್ಚರ್ಯ ಇಲ್ಲ.

ಅದೇ ಪೆಟ್ಟಿಗೆ ಅದೇ ಎತ್ತರದಿಂದ ಬಿದ್ದು, ಒಳಗಿನ ವಸ್ತು 5 ಸೆಂ.ಮೀ. ದೂರದಲ್ಲಿ ನಿಧಾನವಾಗಿ ನಿಂತರೆ 12 ಪಟ್ಟು. ಅಂದರೆ 48 ಕೆ.ಜಿ. ತಗಡು ಅದನ್ನು ತಾಳುತ್ತದೆ. ಪ್ಯಾಕಿಂಗ್ ಅಂದರೆ ಇಷ್ಟೇ: ನಿಲ್ಲಲು ದೂರ ಕೊಡುವುದು. ನಿಮ್ಮ ನಾಲ್ಕು ಸುತ್ತು ಬಬಲ್ ರ‍್ಯಾಪ್ 14 ಕೆ.ಜಿ. ಕೆಳಗೆ ಮೊದಲೇ ಅಮುಕಿ ಹೋಗಿರುತ್ತದೆ. ಮೊದಲ ಹೊಡೆತಕ್ಕೇ ಗುಳ್ಳೆಗಳು ಒಡೆದರೆ ಎರಡನೇ ಹೊಡೆತಕ್ಕೆ ಅಲ್ಲಿ ಉಳಿಯುವುದು ಬರೀ ಪ್ಲಾಸ್ಟಿಕ್ ಹಾಳೆ.

‘ನನ್ನ ಪೆಟ್ಟಿಗೆ ಯಾರೂ ಬೀಳಿಸಲ್ಲ’ ಅಂತ ನಂಬುವವರಿಗೆ ಒಂದು ಮಾತು. ಪ್ಯಾಕಿಂಗ್ ಪರೀಕ್ಷೆಗೆ ಇಂಟರ್‌ನ್ಯಾಷನಲ್ ಸೇಫ್ ಟ್ರಾನ್ಸಿಟ್ ಅಸೋಸಿಯೇಷನ್ ಅಂತ ಒಂದು ಸಂಸ್ಥೆ ಇದೆ. ಅದರ 1ಎ ಪರೀಕ್ಷೆಯಲ್ಲಿ ಇಷ್ಟು ತೂಕದ ಪೆಟ್ಟಿಗೆಯನ್ನು ಸುಮಾರು 61 ಸೆಂ.ಮೀ. ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ: ಒಂದು ಮೂಲೆ, ಮೂರು ಅಂಚು, ಆರೂ ಮುಖ. ಇನ್ನೂ ಹಗುರದ ಪೆಟ್ಟಿಗೆಗೆ 76 ಸೆಂ.ಮೀ., ಯಾಕಂದರೆ ಹಗುರದ್ದನ್ನು ಜನ ಎಸೆಯುವುದು ಜಾಸ್ತಿ. ಬೀಳುವುದನ್ನು ಲೆಕ್ಕಕ್ಕೆ ಹಿಡಿದೇ ಪ್ಯಾಕ್ ಮಾಡಬೇಕು. ‘ಹುಷಾರು’ ಸ್ಟಿಕ್ಕರನ್ನು ಕನ್ವೇಯರ್ ಬೆಲ್ಟ್ ಓದುವುದಿಲ್ಲ. ಅಂಟಿಸಿ, ಬೇಡ ಅನ್ನಲ್ಲ. ಆದರೆ ಅದನ್ನೇ ನಂಬಿ ಒಂದು ಇಂಚು ಫೋಮ್ ಉಳಿಸಬೇಡಿ.

ಇನ್ನು ಮಾಡಬೇಕಾದದ್ದು. ಎರಡು ಪೆಟ್ಟಿಗೆ ಬೇಕು. ಒಳ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರ್ ಸುತ್ತ 5 ಸೆಂ.ಮೀ. ಪಾಲಿಎಥಿಲಿನ್ ಫೋಮ್. ಹೊರ ಪೆಟ್ಟಿಗೆಗೂ ಒಳ ಪೆಟ್ಟಿಗೆಗೂ ನಡುವೆ ಆರೂ ಬದಿಗೆ ಇನ್ನೊಂದು 5 ಸೆಂ.ಮೀ. ಫೋಮ್ ಪೂರ್ತಿ ಚಪ್ಪಟೆ ಆಗುವುದಿಲ್ಲ. ದಪ್ಪದ ಅರ್ಧದಷ್ಟು ಅಮುಕುತ್ತದೆ ಅಂತ ಹಿಡಿಯಿರಿ. ಮೇಲೆ ಹೇಳಿದ 5 ಸೆಂ.ಮೀ. ದೂರ ಸಿಗಬೇಕಾದರೆ ಒಟ್ಟು 10 ಸೆಂ.ಮೀ. ಬೇಕೇ ಬೇಕು. ಥರ್ಮಕೋಲ್ ಅಗ್ಗ, ನಿಜ. ಆದರೆ ಒಂದು ಸಲ ಅಮುಕಿದರೆ ಅದು ಮತ್ತೆ ಪೂರ್ತಿ ಎದ್ದು ನಿಲ್ಲುವುದಿಲ್ಲ, ಪಾಲಿಎಥಿಲಿನ್ ಫೋಮ್ ನಿಲ್ಲುತ್ತದೆ. ಪ್ರಯಾಣದಲ್ಲಿ ಪೆಟ್ಟು ಒಂದೇ ಸಲ ಬೀಳುತ್ತದೆ ಅಂತ ಯಾರು ಹೇಳಿದರು? ಥರ್ಮಕೋಲ್ ಕಾಳುಗಳಂತೂ ಭಾರದ ವಸ್ತುವಿನ ಕೆಳಗಿಂದ ಸರಿದುಹೋಗಿ ಅದನ್ನು ತಳಕ್ಕೆ ಇಳಿಸಿಬಿಡುತ್ತವೆ. ಮೇಲಾಗಿ ಗಾಳಿಕಿಂಡಿಯೊಳಗೆ ನುಗ್ಗುತ್ತವೆ. ರೇಡಿಯೊದ ಟ್ಯೂನಿಂಗ್ ಕಂಡೆನ್ಸರ್ ರೆಕ್ಕೆಗಳ ನಡುವಿಂದ ಆ ಬಿಳಿ ಪುಡಿಯನ್ನು ಚಿಮಟದಲ್ಲಿ ಹೆಕ್ಕುವ ಕೆಲಸ ನನಗೆ ಬರುತ್ತದೆ, ಕಳಿಸಿದವರಿಗಲ್ಲ.

ಫೋಮ್ ತೀರಾ ಗಟ್ಟಿಯಾದರೂ ಕೆಲಸಕ್ಕೆ ಬಾರದು. ಆಂಪ್ಲಿಫೈಯರನ್ನು ಅದರ ಮೇಲಿಟ್ಟು ನೋಡಿ. ಪೂರ್ತಿ ಹೂತುಹೋದರೆ ಮೆದು. ಇಟ್ಟು ಮೇಲಿಂದ ಬಲವಾಗಿ ಒತ್ತಿದರೂ ಒಂಚೂರೂ ತಗ್ಗದಿದ್ದರೆ ಗಟ್ಟಿ. ಗಟ್ಟಿ ಇದ್ದರೆ ಇಡೀ ಹಾಳೆ ಹಾಕಬೇಡಿ, ತುಂಡು ಮಾಡಿ ನಾಲ್ಕು ಮೂಲೆಗೆ ಮಾತ್ರ ಕೊಡಿ. ತೂಕ ಕಡಿಮೆ ಜಾಗದ ಮೇಲೆ ಕೂತಾಗ ಅದು ಸರಿಯಾಗಿ ಅಮುಕುತ್ತದೆ.

ನಾಬ್ ವಿಷಯಕ್ಕೆ ಬರೋಣ. ಆಂಪ್ಲಿಫೈಯರ್ ಮುಖ ಕೆಳಗಾಗಿ ಬಿದ್ದರೆ ಮೊದಲು ತಾಗುವುದು ಎರಡು ಸೆಂ.ಮೀ. ಹೊರಗೆ ಚಾಚಿದ ನಾಬ್. ಇಡೀ 14 ಕೆ.ಜಿ. ಅದರ ಮೇಲೆ. ನಾಬ್ ಕೂರುವ ದಂಡ ಹಿಂದಕ್ಕೆ ಸರಿದು ಒಳಗಿನ ವಾಲ್ಯೂಮ್ ಕಂಟ್ರೋಲ್‌ನ ಹಿಂಬದಿಯನ್ನೇ ಕಿತ್ತು ಹಾಕುತ್ತದೆ. ಆದ್ದರಿಂದ ಎಳೆದರೆ ಬರುವ ನಾಬ್‌ಗಳನ್ನು ತೆಗೆದು, ಚೀಲಕ್ಕೆ ಹಾಕಿ, ಒಳ ಪೆಟ್ಟಿಗೆಯಲ್ಲೇ ಇಡಿ. ಮುಂಭಾಗದ ಫೋಮ್‌ನಲ್ಲಿ ದಂಡಗಳಿರುವ ಜಾಗ ಕತ್ತರಿಸಿ ತೆಗೆಯಿರಿ. ಭಾರ ಚಾಸಿಸ್‌ನ (ತಗಡಿನ ಚೌಕಟ್ಟಿನ) ಅಂಚಿನ ಮೇಲೆ ಕೂರಬೇಕು, ದಂಡದ ತುದಿಗೆ ಏನೂ ತಾಗಬಾರದು.

ವಾಲ್ವ್‌ಗಳಲ್ಲಿ ದೊಡ್ಡ ಪವರ್ ವಾಲ್ವ್‌ಗಳನ್ನು ತೆಗೆಯಿರಿ. ಯಾವುದು ಯಾವ ಸಾಕೆಟ್‌ನದ್ದು ಅಂತ ಚೀಟಿ ಹಚ್ಚಿ, ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಪುಟ್ಟ ಡಬ್ಬಿಯಲ್ಲಿಡಿ. ತಗಡಿನ ಕವಚ ಇರುವ ಸಣ್ಣವು ಬಿಗಿಯಾಗಿ ಕೂತಿದ್ದರೆ ಅಲ್ಲೇ ಇರಲಿ. ಇನ್ನು ಟ್ರಾನ್ಸ್‌ಫಾರ್ಮರ್ ತೀರಾ ಭಾರ ಇದ್ದರೆ, ಕಾಲುಗಳ ತೂತಿನಲ್ಲೇ ಬೋಲ್ಟ್ ಹಾಕಿ ಇಡೀ ಯಂತ್ರವನ್ನು ಪ್ಲೈವುಡ್ ಹಲಗೆಗೆ ಬಿಗಿಯಿರಿ. ಫೋಮ್ ಹಲಗೆಯ ಕೆಳಗೆ ಬರಲಿ. ಚಾಸಿಸ್ ಸೊಟ್ಟಗಾಗುವುದು ಇದರಿಂದ ಬಹಳ ಮಟ್ಟಿಗೆ ತಪ್ಪುತ್ತದೆ.

ಎಲ್ಲ ಮುಗಿದ ಮೇಲೆ ಪೆಟ್ಟಿಗೆ ಅಲುಗಾಡಿಸಿ. ಸದ್ದು ಬಂದರೆ, ಒಳಗೆ ಏನಾದರೂ ಸರಿದರೆ, ಬಿಚ್ಚಿ ಮತ್ತೆ ಮಾಡಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಮಂಡಿಯೆತ್ತರದಿಂದ ನಾನೇ ಕೆಳಗೆ ಬಿಡುತ್ತೇನಾ? ಕೈ ಹಿಂಜರಿದರೆ ಪ್ಯಾಕಿಂಗ್ ಮುಗಿದಿಲ್ಲ. ಪ್ಯಾಕ್ ಮಾಡುವ ಪ್ರತಿ ಹಂತದ ಫೋಟೊ ಇಟ್ಟುಕೊಳ್ಳಿ, ಸೀರಿಯಲ್ ನಂಬರ್ ಸಮೇತ. ಪರಿಹಾರ ಕೇಳಿದಾಗ ‘ಪ್ಯಾಕಿಂಗ್ ಸಾಲದು’ ಎಂಬ ಒಂದೇ ಮಾತಿನಲ್ಲಿ ಅರ್ಜಿ ತಿರಸ್ಕಾರ ಆಗುವುದುಂಟು. ಈ ಸಲ ನಿಮ್ಮ ಅರ್ಜಿ ಹಾಗೆ ಬಿದ್ದುಹೋದರೆ ನನಗೆ ಅಚ್ಚರಿ ಆಗುವುದಿಲ್ಲ.

ಪ್ರಶ್ನೆ: ಎರಡು ಪೆಟ್ಟಿಗೆ ಹಾಕಿದರೆ ಕೊರಿಯರ್ ಚಾರ್ಜ್ ಹೆಚ್ಚಾಗುತ್ತದಲ್ಲ?

ಆಗುತ್ತದೆ. ಬಹಳ ಕಂಪನಿಗಳು ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. 60, 50, 40 ಸೆಂ.ಮೀ. ಪೆಟ್ಟಿಗೆ ಆದರೆ 24 ಕೆ.ಜಿ. ಲೆಕ್ಕ, ಒಳಗೆ 14 ಇದ್ದರೂ ಅಷ್ಟೇ. ಮಾರುವ ಮೊದಲೇ ಇದನ್ನು ಬೆಲೆಗೆ ಸೇರಿಸಿ. ಪ್ಯಾಕಿಂಗ್ ಖರ್ಚಿಗೆ ಚೌಕಾಸಿ ಮಾಡುವವರಿಗೆ ನಾನಾದರೆ ಮಾರುವುದೇ ಇಲ್ಲ.

ಪ್ರಶ್ನೆ: ಬಿರುಕು ಮುಚ್ಚುವ ಸ್ಪ್ರೇ ಫೋಮನ್ನು ಪ್ಲಾಸ್ಟಿಕ್ ಚೀಲಕ್ಕೆ ಹೊಡೆದು ವಸ್ತುವಿನ ಸುತ್ತ ತುಂಬಿಸುವ ವಿಡಿಯೊ ನೋಡಿದೆ. ಮಾಡಬಹುದಾ?

ಬೇಡ. ಡಬ್ಬಿಯ ಆ ಫೋಮ್ ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದ್ದು. ಚೀಲದೊಳಗೆ ದಪ್ಪಗೆ ತುಂಬಿದರೆ ನಡುಭಾಗ ಹಸಿಯಾಗೇ ಉಳಿಯುತ್ತದೆ. ಚೀಲ ಹರಿದರೆ ಕ್ಯಾಬಿನೆಟ್‌ಗೆ ಅಂಟಿಕೊಂಡು ಪಾಲಿಶ್ ಸಮೇತ ಕಿತ್ತು ಬರುತ್ತದೆ. ಗಟ್ಟಿಯಾದ ಮೇಲಂತೂ ಅದು ಬೇಕಾದಷ್ಟು ಅಮುಕುವುದಿಲ್ಲ, ಮತ್ತೆ ಪೆಟ್ಟು ತಡೆಯುವುದು ಹೇಗೆ? ವಿಡಿಯೊ ಮಾಡುವ ಈ ಪಂಡಿತರು ಪೆಟ್ಟಿಗೆ ಮುಚ್ಚುವುದನ್ನು ತೋರಿಸುತ್ತಾರೆ. ಆ ಕಡೆ ತೆರೆಯುವುದನ್ನು ಯಾಕೆ ತೋರಿಸುವುದಿಲ್ಲ ಅಂತ ಕೇಳಿ ನೋಡಿ.

ಪ್ರಶ್ನೆ: ಟರ್ನ್‌ಟೇಬಲ್‌ನ ಕಂಪನಿ ಪೆಟ್ಟಿಗೆಯೇ ಇದೆ. ಸಾಕಲ್ವಾ?

ಒಳಗಿನ ಥರ್ಮಕೋಲ್ ಅಚ್ಚುಗಳೆಲ್ಲ ಇದ್ದು, ಪುಡಿಯಾಗದೆ ಇದ್ದರೆ ಒಳ ಪೆಟ್ಟಿಗೆಯಾಗಿ ಬಳಸಿ. ಹೊರಗೆ ಇನ್ನೊಂದು ಬೇಕು. ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ಮತ್ತು ಕೌಂಟರ್‌ವೇಟ್ (ಸೂಜಿ ತೋಳಿನ ಹಿಂಬದಿಯ ತೂಕ) ತೆಗೆದು ಬೇರೆ ಸುತ್ತಿ. ಟೋನ್‌ಆರ್ಮನ್ನು, ಅಂದರೆ ಸೂಜಿ ತೋಳನ್ನು, ಅದರ ಹಿಡಿಕೆಗೆ ಕಟ್ಟಿ. ಲಾಕ್ ಒಂದನ್ನೇ ನಂಬಬೇಡಿ. ಸೂಜಿಗೆ ಕ್ಯಾಪ್ ಹಾಕಿ, ಸಾಗಣೆ ಸ್ಕ್ರೂ ಇದ್ದರೆ ಬಿಗಿಯಿರಿ, ಮೇಲಿನ ಪಾರದರ್ಶಕ ಮುಚ್ಚಳ ಕಳಚಿ. ಪ್ಲ್ಯಾಟರ್ ಇದ್ದಲ್ಲೇ ಬಿಟ್ಟು ಕಳಿಸಿದರೆ ಅದು ಒಳಗೇ ಓಡಾಡಿ ಟೋನ್‌ಆರ್ಮನ್ನೂ ಮುಚ್ಚಳವನ್ನೂ ಮುಗಿಸುತ್ತದೆ.

ಪ್ರಶ್ನೆ: ಹಳೇ ಪಿಕ್ಚರ್ ಟ್ಯೂಬ್ ಟಿ.ವಿ.?

ಕೊರಿಯರ್ ಬೇಡ. ಕೊಂಡವರು ಬಂದು ಒಯ್ಯಲಿ.

ಪ್ರಶ್ನೆ: ತಪಾಸಣೆಯ ಎಕ್ಸ್-ರೇಯಲ್ಲಿ ಹಾಡು ತುಂಬಿದ ಟೇಪ್ ಅಳಿಸಿ ಹೋಗುತ್ತಾ?

ಇಲ್ಲ. ಟೇಪಿಗೆ ಶತ್ರು ಅಯಸ್ಕಾಂತ. ಅದೇ ಪೆಟ್ಟಿಗೆಯಲ್ಲಿ ಸ್ಪೀಕರ್ ಪಕ್ಕ ಟೇಪ್ ಇಡಬೇಡಿ.

ಪ್ರಶ್ನೆ: ಹುಳ ಬರದಿರಲಿ ಅಂತ ರೇಡಿಯೊ ಜೊತೆ ನುಸಿ ಗುಳಿಗೆ ಹಾಕಲಾ?

ಹಾಕಲೇಬೇಡಿ. ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ಆವಿಗೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಹಳೇ ರೇಡಿಯೊಗಳ ನಾಬು, ಡಯಲ್ ಎಷ್ಟೋ ಸಲ ಅದೇ ಪ್ಲಾಸ್ಟಿಕ್. ಬದಲಿಗೆ ಬ್ಯಾಟರಿ ಇದ್ದರೆ ತೆಗೆಯಿರಿ, ಪಾಲಿಶ್ ಮಾಡಿದ ಮರಕ್ಕೆ ಬಬಲ್ ರ‍್ಯಾಪ್ ನೇರ ತಾಗದಂತೆ ಮೆತ್ತನೆ ಹತ್ತಿ ಬಟ್ಟೆ ಹೊದಿಸಿ. ಮತ್ತೆ ಎಲ್ಲಕ್ಕೂ ಮೇಲೆ, ಪೆಟ್ಟಿಗೆ ತೆರೆದ ಕೂಡಲೇ ಕಾಣುವ ಹಾಗೆ ಒಂದು ಚೀಟಿ ಇಡಿ: ‘ಒಂದು ದಿನ ಹಾಗೇ ಬಿಡಿ, ವಾಲ್ವ್‌ಗಳು ಸರಿಯಾಗಿ ಕೂತಿವೆಯಾ ನೋಡಿ, ಆಮೇಲಷ್ಟೇ ಪ್ಲಗ್ ಹಾಕಿ.’ ತಂಪಿನಿಂದ ಬಂದ ಯಂತ್ರದೊಳಗೆ ನೀರ ಹನಿ ಕಟ್ಟಿರುತ್ತದೆ, ಕೊಂಡವರಿಗೋ ಆತುರ.