ಕನ್ನಡ ಮಾಧ್ಯಮದ ಕಾನೂನು ವಿದ್ಯಾರ್ಥಿಗೆ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೆಲಸವಿದೆಯೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಬೆಂಗಳೂರಿನಲ್ಲಿ ಎಲ್‌ಎಲ್‌ಬಿ ಎರಡನೆಯ ವರ್ಷದಲ್ಲಿರುವ, ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದ ನಿಮಗೆ ಕಾನೂನು ನೆರವು ಕೇಂದ್ರದಲ್ಲಿ ರಿಜಿಸ್ಟರ್ ತುಂಬುವುದನ್ನು ಬಿಟ್ಟು ಬೇರೆ ಕೆಲಸ ಸಿಗುತ್ತದೆಯೇ ಎಂಬುದೊಂದು. ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೆ ಅಲ್ಲಿ ನಿಭಾಯಿಸಬಹುದೇ ಎಂಬುದು ಇನ್ನೊಂದು. ನಾನು ಐದು ವರ್ಷದ ಕೋರ್ಸಿನ ಕೊನೆಯ ವರ್ಷದಲ್ಲಿದ್ದೇನೆ. ಎರಡು ವರ್ಷಗಳಿಂದ ಪೀಣ್ಯದ ಕಡೆಯ ಒಂದು ಕೇಂದ್ರದಲ್ಲಿ ಶನಿವಾರ ಮಧ್ಯಾಹ್ನಗಳಂದು ಕುಳಿತುಕೊಳ್ಳುತ್ತಿದ್ದೇನೆ. ಎರಡನೆಯ ಪ್ರಶ್ನೆಗೆ ಉತ್ತರಿಸಿದರೆ ಮೊದಲನೆಯದಕ್ಕೂ ಉತ್ತರ ಸಿಗುತ್ತದೆ.

ಅಲ್ಲಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಪಡಿತರ ಚೀಟಿಯ ಜೆರಾಕ್ಸ್, ಬ್ಯಾಂಕಿನ ಮೆಮೊ, ಯಾವುದೋ ವಕೀಲರ ನೋಟಿಸ್, ಹಳೆಯ ಬಾಡಿಗೆ ಕರಾರು ಎಲ್ಲವೂ ಅದರೊಳಗೆ ಮಡಚಿಕೊಂಡಿರುತ್ತವೆ. ನೋಟಿಸ್ ಬಂದು ಹತ್ತು ದಿನವಾಗಿದ್ದರೂ ಅದರಲ್ಲಿ ಏನಿದೆಯೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಬರುವ ನನ್ನ ಸಹಪಾಠಿಗಳು ಅಂಥ ನೋಟಿಸನ್ನು ಒಂದೇ ಉಸಿರಿಗೆ ಓದುತ್ತಾರೆ, ಆದರೆ ಮೇಲ್ಗಡೆ ಬರೆದಿರುವ 'ವಿತೌಟ್ ಪ್ರಿಜುಡೀಸ್' ಎಂಬಲ್ಲಿಗೆ ಬಂದು ನಿಂತುಬಿಡುತ್ತಾರೆ. "ಈ ಪತ್ರ ಬರೆದ ಮಾತ್ರಕ್ಕೆ ನಮ್ಮ ಹಕ್ಕನ್ನು ಬಿಟ್ಟುಕೊಟ್ಟಂತಲ್ಲ ಎಂದು ಹೇಳುತ್ತಿದ್ದಾರೆ, ಅಮ್ಮ" ಎಂದು ಎದುರಿಗಿರುವವರಿಗೆ ಬಿಡಿಸಿ ಹೇಳುವುದಕ್ಕೆ ಬೇಕಾಗಿರುವುದು ಕನ್ನಡ. ಕಾಗದವನ್ನು ಓದಲು ನಿಘಂಟು ಪಕ್ಕದಲ್ಲಿಟ್ಟುಕೊಂಡರೂ ಆಗುತ್ತದೆ, ಯಾರೂ ನಗುವುದಿಲ್ಲ. ತಮಿಳು, ತೆಲುಗು, ದಖನಿ ಉರ್ದು ಮಾತನಾಡುವವರೂ ಬರುತ್ತಾರೆ. ಅವುಗಳಲ್ಲೊಂದು ಅಷ್ಟಿಷ್ಟು ಬಂದರೂ ನಿಮಗೆ ಬೇಡಿಕೆ ಹೆಚ್ಚು.

ಕಾಗದ ಓದುವುದೆಂದರೆ ಮುಖ್ಯವಾಗಿ ತಾರೀಖು ಓದುವುದು. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಮೊದಲ ವರ್ಷ ಒಬ್ಬ ಗಾರೆ ಮೇಸ್ತ್ರಿ ಬಂದಿದ್ದರು. ಗುತ್ತಿಗೆದಾರನು ಕೂಲಿಯ ಬಾಕಿಗೆಂದು ಕೊಟ್ಟ ಚೆಕ್ ಬೌನ್ಸ್ ಆಗಿತ್ತು. ಚೆಕ್ ಮರಳಿದೆಯೆಂದು ತಿಳಿಸುವ ಬ್ಯಾಂಕಿನ ಮೆಮೊ ಕೈಸೇರಿ ಮೂವತ್ತೇಳು ದಿನಗಳಾಗಿದ್ದವು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಮೆಮೊ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ 15 ದಿನಗಳಲ್ಲಿ ಹಣ ಬಾರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು ದಾಖಲಿಸಬೇಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆನಾದ್ದರಿಂದ ಬಹಳ ಧೈರ್ಯವಾಗಿ "ಅವಧಿ ಮುಗಿದುಹೋಗಿದೆ, ಇನ್ನು ಸಿವಿಲ್ ದಾವೆಯೇ ಗತಿ" ಎಂದುಬಿಟ್ಟೆ. ಅವರು ಏನೂ ಮಾತನಾಡದೆ ಕಾಗದಗಳನ್ನು ಮತ್ತೆ ಕವರಿಗೆ ತುಂಬತೊಡಗಿದರು. ಪಕ್ಕದ ಮೇಜಿನಲ್ಲಿದ್ದ ಹಿರಿಯ ವಕೀಲರು "ಚೆಕ್ ಮೇಲಿನ ತಾರೀಖು ಯಾವುದಪ್ಪಾ?" ಎಂದು ಕೇಳಿದರು. ನಾನು ಮೆಮೊ ನೋಡಿದ್ದೆನೇ ಹೊರತು ಚೆಕ್ಕನ್ನು ನೋಡಿರಲಿಲ್ಲ. ಅದರ ಮೇಲಿನ ತಾರೀಖಿಗೆ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. 2012ರ ಏಪ್ರಿಲ್‌ನಿಂದೀಚೆಗೆ ಚೆಕ್ ಮೂರು ತಿಂಗಳು ಚಾಲ್ತಿಯಲ್ಲಿರುತ್ತದೆ; ಆ ಅವಧಿಯೊಳಗೆ ಅದನ್ನು ಮತ್ತೆ ಬ್ಯಾಂಕಿಗೆ ಹಾಕಬಹುದು; ಮತ್ತೆ ಬೌನ್ಸ್ ಆದರೆ ಆ ಹೊಸ ಮೆಮೊದಿಂದ ಹೊಸದಾಗಿ ಮೂವತ್ತು ದಿನ ಸಿಗುತ್ತದೆ. ಮೊದಲ ಸಲ ನೋಟಿಸ್ ಕೊಟ್ಟಿಲ್ಲವೆಂಬುದು ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ ಎಂಎಸ್‌ಆರ್ ಲೆದರ್ಸ್ ಪ್ರಕರಣದಲ್ಲಿ, ಅದೇ 2012ರಲ್ಲಿ, ಹೇಳಿದೆ. ಮೇಸ್ತ್ರಿ ಸೋಮವಾರವೇ ಚೆಕ್ ಹಾಕಿದರು, ಅದು ಮತ್ತೆ ಮರಳಿತು, ವಕೀಲರು ಆ ವಾರವೇ ನೋಟಿಸ್ ಕಳಿಸಿದರು. ಗುತ್ತಿಗೆದಾರನು ಹದಿನೈದು ದಿನ ಮುಗಿಯುವ ಮುನ್ನ ಎರಡು ಕಂತಿಗೆ ಒಪ್ಪಿಕೊಂಡು ಮೊದಲ ಕಂತು ಕೊಟ್ಟನು. ನನ್ನ ಮಾತು ಕೇಳಿ ಅವರು ಎದ್ದು ಹೋಗಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಆದ್ದರಿಂದಲೇ ವಿದ್ಯಾರ್ಥಿಯ ಮಿತಿಯನ್ನೂ ಹೇಳಬೇಕು. 1961ರ ವಕೀಲರ ಕಾಯ್ದೆಯಂತೆ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಪಡೆಯುವವರೆಗೆ ನೀವು ವಕಾಲತ್ತು ಹಾಕುವಂತಿಲ್ಲ. ಘಟನೆಗಳನ್ನು ತಾರೀಖಿನ ಕ್ರಮದಲ್ಲಿ ಬರೆದುಕೊಳ್ಳುವುದು, ಕಾಗದಗಳನ್ನು ಜೋಡಿಸುವುದು, ಅರ್ಜಿಯ ಕರಡು ತಯಾರಿಸುವುದು, ಯಾವ ಕಚೇರಿಗೆ ಹೋಗಬೇಕೆಂದು ತಿಳಿಸುವುದು ನಿಮ್ಮ ಕೆಲಸ. "ಆಗುತ್ತದೆ", "ಆಗುವುದಿಲ್ಲ" ಎಂಬ ಕೊನೆಯ ಮಾತು ವಕೀಲರದು. ಕೇಳಿದ ಸಂಗತಿಗಳನ್ನು ಹೆಸರು ಮರೆಮಾಚಿಯೂ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ.

ಅರ್ಹತೆಯ ವಿಷಯದಲ್ಲಿ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕೈಗಾರಿಕಾ ಕಾರ್ಮಿಕರು ಉಚಿತ ವಕೀಲರನ್ನು ಪಡೆಯಲು ಆದಾಯದ ಮಿತಿ ಅಡ್ಡ ಬರುವುದಿಲ್ಲ. ಆದರೂ ಜೀವನಾಂಶ ಕೇಳಿಕೊಂಡು ಬಂದ ಗಾರ್ಮೆಂಟ್ಸ್ ಹೆಣ್ಣುಮಗಳೊಬ್ಬರನ್ನು ಒಂದು ಕಡೆ ಆದಾಯ ಪ್ರಮಾಣಪತ್ರ ತನ್ನಿ ಎಂದು ವಾಪಸು ಕಳಿಸಿದ್ದರು. ಒಂದು ದಿನದ ಸಂಬಳ ಹೋದದ್ದೇ ಬಂತು. ಈ ಕಲಮನ್ನು ಪೂರ್ತಿ ಓದಿಕೊಂಡೇ ಹೋಗಿ.

ಬಿಡುವಿನ ದಿನಗಳೂ ಇವೆ. ಮಳೆ ಬಂದರೆ ಯಾರೂ ಬರುವುದಿಲ್ಲ, ರಿಜಿಸ್ಟರ್ ತುಂಬುವುದೂ ತಪ್ಪುವುದಿಲ್ಲ.

ಸೇರುವ ಮೊದಲು ನಿಮ್ಮ ಕಾಲೇಜಿನ ಕೇಂದ್ರಕ್ಕೆ ವಕೀಲರು ವಾರಕ್ಕೆ ಎಷ್ಟು ಗಂಟೆ ಬಂದು ಕೂರುತ್ತಾರೆಂದು ವಿಚಾರಿಸಿ. ವಕೀಲರಿಲ್ಲದೆ ವಿದ್ಯಾರ್ಥಿಗಳೇ ನಡೆಸುತ್ತಿದ್ದಾರೆಂದಾದರೆ ಅಲ್ಲಿಗೆ ಹೋಗಬೇಡಿ. ಅದರ ಬದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕರಾಗಲು ಅರ್ಜಿ ಹಾಕಿ. ಸನ್ನದು ಪಡೆಯುವವರೆಗೆ ಕಾನೂನು ವಿದ್ಯಾರ್ಥಿಗಳಿಗೂ ಅದಕ್ಕೆ ಅವಕಾಶವಿದೆ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ, ಅಲ್ಲಿ ಕೇಳಿದರೆ ಮುಂದಿನ ದಾರಿ ತಿಳಿಸುತ್ತಾರೆ.