ಘಟ್ಟ ಹತ್ತುವಾಗ ಗೇರ್ ಜಾರುತ್ತದೆ, ಸ್ಕ್ರೂ ಬಿಗಿ ಮಾಡಿಸಲೇ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕೊಂಡ ಹಳೆಯ ಆಟೋಮ್ಯಾಟಿಕ್ ಕಾರು ನನ್ನದು. ಬೆಳಿಗ್ಗೆ ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ಏನೂ ತೊಂದರೆ ಇಲ್ಲ. ವಾಪಸ್ ದೇವಿಮನೆ ಘಟ್ಟ ಹತ್ತುವಾಗ ಎಂಜಿನ್ ಸುಮ್ನೆ ಕೂಗುತ್ತದೆ, ಕಾರು ಎಳೆಯುವುದಿಲ್ಲ. ‘ಲೈನ್ ಪ್ರೆಶರ್ ಕಮ್ಮಿ ಆಗಿದೆ, ಸ್ಕ್ರೂ ಎರಡು ಸುತ್ತು ಬಿಗಿ ಮಾಡಿದ್ರೆ ಸರಿ ಹೋಗ್ತದೆ’ ಎಂದು ಪರಿಚಯದ ಮೆಕ್ಯಾನಿಕ್ ಹೇಳಿದ್ದಾರೆ. ಮಾಡಿಸಬಹುದೇ?
– ಓದುಗರು, ಶಿರಸಿ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಮೆಕ್ಯಾನಿಕ್ ಹೇಳಿದ ಕಾಯಿಲೆ ಸರಿ ಇರಬಹುದು, ಮದ್ದು ಮಾತ್ರ ಅವಸರದ್ದು.

ನೀವು ಶಿರಸಿಯವರು. ಕೊಳೆ ರೋಗಕ್ಕೆ ಅಡಿಕೆ ತೋಟಕ್ಕೆ ಮದ್ದು ಹೊಡೆಸುವುದನ್ನು ನೋಡಿಯೇ ಇರುತ್ತೀರಿ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಮೇಲಿಂದ ‘ಪ್ರೆಶರ್ ಬರ್ತಿಲ್ಲ’ ಎಂದು ಕೂಗಿದರೆ ಕೆಳಗಿದ್ದವರು ಮೊದಲು ಏನು ನೋಡುತ್ತಾರೆ? ಡ್ರಮ್ಮಿನಲ್ಲಿ ಮದ್ದು ಇದೆಯಾ, ಜಾಳಿಗೆ ಕಸ ಕಟ್ಟಿದೆಯಾ, ಪೈಪು ಎಲ್ಲಾದರೂ ಸೋರುತ್ತಿದೆಯಾ ಅಂತ. ಅದೆಲ್ಲ ಬಿಟ್ಟು ಪಂಪಿನ ತಿರುಪು ಬಿಗಿ ಮಾಡಿದರೆ ಸೋರುವ ಪೈಪು ಒಡೆಯುತ್ತದೆ, ಅಷ್ಟೇ.

ಗೇರ್‌ಬಾಕ್ಸಿನ ಒಳಗೂ ಇದೇ ಕಥೆ. ಎಂಜಿನ್ ಜೊತೆ ತಿರುಗುವ ಪಂಪು ಆಯಿಲನ್ನು ತಳ್ಳುತ್ತದೆ. ರೆಗ್ಯುಲೇಟರ್ ವಾಲ್ವ್ ಅದರ ಒತ್ತಡವನ್ನು ಹದದಲ್ಲಿ ಇಡುತ್ತದೆ. ಲೈನ್ ಪ್ರೆಶರ್ ಅನ್ನುವುದು ಈ ಒತ್ತಡಕ್ಕೇ. ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಇದೇ. ಘಟ್ಟದಲ್ಲಿ ಭಾರ ಜಾಸ್ತಿ, ಹಿಡಿತವೂ ಜಾಸ್ತಿ ಬೇಕು. ಅದು ಸಾಲದಿದ್ದರೆ ಪ್ಲೇಟು ಜಾರುತ್ತದೆ, ಜಾರಿದರೆ ಸುಡುತ್ತದೆ. ಒತ್ತಡ ಅತಿಯಾದರೂ ಕಷ್ಟವೇ. ಗೇರ್ ಬದಲಾಗುವಾಗ ಧಡ್ ಅಂತ ಒದೆಯುತ್ತದೆ, ಪಂಪು, ಸೀಲುಗಳ ಮೇಲೆ ಹೊರೆ ಬೀಳುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ‘ಬೆಳಿಗ್ಗೆ ತೊಂದರೆ ಇಲ್ಲ’ ಎಂಬ ಮಾತು. ಬೆಳಿಗ್ಗೆ ಆಯಿಲ್ ತಣ್ಣಗೆ, ದಪ್ಪಗೆ ಇರುತ್ತದೆ. ಇಳಿಜಾರಿನಲ್ಲಿ ಭಾರವೂ ಇಲ್ಲ. ಬರುವಾಗ ಆಯಿಲ್ ಕಾದು ತೆಳ್ಳಗಾಗಿರುತ್ತದೆ. ಸವೆದ ಸೀಲು, ಹಳೆಯ ಪಂಪು ಇವೆಲ್ಲ ಬಣ್ಣ ತೋರಿಸುವುದು ಆಗಲೇ.

ಹಾಗಾಗಿ ಮೊದಲು ಆಯಿಲ್ ನೋಡಿಸಿ. ಡಿಪ್‌ಸ್ಟಿಕ್ ಇರುವ ಬಹುತೇಕ ಕಾರುಗಳಲ್ಲಿ, ಸಮತಟ್ಟು ಜಾಗದಲ್ಲಿ, ಬಿಸಿಯಾದ ಎಂಜಿನ್ ಓಡುತ್ತಿರುವಾಗಲೇ ಮಟ್ಟ ನೋಡಬೇಕು. ಎಂಜಿನ್ ಬಂದ್ ಮಾಡಿ ನೋಡಿ ‘ಫುಲ್ ಇದೆ’ ಅನ್ನುವವರೇ ಜಾಸ್ತಿ. ಡಿಪ್‌ಸ್ಟಿಕ್ಕೇ ಇಲ್ಲದ ಕಾರಾದರೆ ಅದು ಗ್ಯಾರೇಜಿನ ಕೆಲಸ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ಕೆಂಪಾಗಿ ತಿಳಿಯಾಗಿದ್ದರೆ ಒಳ್ಳೆಯದು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಆಗಲೇ ಸುಟ್ಟಿದೆ, ಯಾವ ಸ್ಕ್ರೂ ತಿರುಗಿಸಿದರೂ ಅದು ಮರಳಿ ಬರುವುದಿಲ್ಲ. ಗುಲಾಬಿ ಹಾಲಿನ ಹಾಗೆ ಕಂಡರೆ ನೀರು ಸೇರಿದೆ ಎಂದರ್ಥ. ರೇಡಿಯೇಟರ್ ಒಳಗಿನ ಕೂಲರ್ ತೂತಾದರೂ ಹೀಗಾಗುತ್ತದೆ, ಮಳೆಗಾಲದಲ್ಲಿ ತುಂಬಿದ ನೀರಲ್ಲಿ ಕಾರು ಓಡಿಸಿದರೂ ಆಗುತ್ತದೆ.

ಆಯಿಲ್ ಸರಿ ಇದ್ದರೆ ಗೇಜ್ ಹಾಕಿಸಿ ಒತ್ತಡ ಅಳೆಸಿ. ಗೇರ್‌ಬಾಕ್ಸಿನ ಮೈಮೇಲೆ ಇದಕ್ಕೆಂದೇ ಒಂದು ಪ್ಲಗ್ ಇರುತ್ತದೆ. ಆಯಿಲ್ ಬಿಸಿ ಇರುವಾಗ ಐಡಲಿನಲ್ಲಿ D, R ಎರಡರಲ್ಲೂ ನೋಡಬೇಕು. ಎಷ್ಟಿರಬೇಕು ಎಂಬುದು ಒಂದೊಂದು ಗೇರ್‌ಬಾಕ್ಸಿಗೆ ಒಂದೊಂದು, ಅದರ ಸರ್ವಿಸ್ ಪುಸ್ತಕದ ಅಂಕಿಯೇ ಪ್ರಮಾಣ. R ನಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಎಲ್ಲದರಲ್ಲೂ ಕಡಿಮೆ ಬಂದರೆ ಫಿಲ್ಟರ್, ಪಂಪು, ರೆಗ್ಯುಲೇಟರ್ ಮೇಲೆ ಅನುಮಾನ. ಒಂದರಲ್ಲಿ ಮಾತ್ರ ಕಡಿಮೆ ಬಂದರೆ ಆ ದಾರಿಯಲ್ಲೇ ಸೋರಿಕೆ. ಬ್ರೇಕ್ ಒತ್ತಿ ಹಿಡಿದು ಪೂರ್ತಿ ಆಕ್ಸಿಲರೇಟರ್ ಕೊಟ್ಟು ನೋಡುವ ಸ್ಟಾಲ್ ಟೆಸ್ಟ್ ಕೂಡ ಇದೆ. 5 ಸೆಕೆಂಡಿಗಿಂತ ಹೆಚ್ಚು ಮಾಡುವಂತಿಲ್ಲ, ಮನೆಯಂಗಳದಲ್ಲಿ ಮಾಡುವ ಕೆಲಸವೂ ಅಲ್ಲ.

ಇನ್ನು ಸ್ಕ್ರೂ ವಿಷಯ. ನಿಮ್ಮ ಕಾರಿನಲ್ಲಿ ಅದು ಇದೆಯಾ ಅಂತ ಮೊದಲು ಕೇಳಿ. ಈಗಿನ ಗೇರ್‌ಬಾಕ್ಸುಗಳಲ್ಲಿ ಒತ್ತಡವನ್ನು ಕಂಪ್ಯೂಟರ್ ಹೇಳಿದಂತೆ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ವಾಲ್ವ್) ನೋಡಿಕೊಳ್ಳುತ್ತದೆ. ಅಲ್ಲಿ ಸ್ಕ್ಯಾನರ್ ಹಚ್ಚಬೇಕು, ವೈರಿನ ಕನೆಕ್ಟರ್ ಬಿಚ್ಚಿ ನೋಡಬೇಕು. ಕಾರವಾರ, ಅಂಕೋಲಾ ಕಡೆ ಓಡಿದ ಗಾಡಿಯಾದರೆ ಉಪ್ಪುಗಾಳಿಗೆ ಪಿನ್ನುಗಳು ಹಸಿರು ಹಿಡಿದಿರುವುದುಂಟು. ಹಳೆಯ ಮಾದರಿಗಳಲ್ಲಿ ಆಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಒಂದು ಕೇಬಲ್ ಹೋಗಿರುತ್ತದೆ. ಅದು ಸಡಿಲವಾದರೆ ಒತ್ತಡ ಏರುವುದೇ ಇಲ್ಲ. ಹಲವು ಹಳೆಯ ಟೊಯೋಟಾ ಕಾರುಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೇಬಲ್ ಹೊದಿಕೆಯ ತುದಿಗೂ ತಂತಿಯ ಮೇಲಿನ ಗುಂಡಿಗೂ ನಡುವೆ 0ರಿಂದ 1 ಮಿಲಿಮೀಟರ್ ಅಂತರ ಇರಬೇಕು. ನಿಮ್ಮದು ಅಂಥ ಕಾರಾಗಿದ್ದು, ಕೇಬಲ್ಲೇ ಸಡಿಲ ಆಗಿದ್ದರೆ ಅದೃಷ್ಟ, ಅರ್ಧ ಗಂಟೆಯ ಕೆಲಸ.

ಎರಡು ವರ್ಷದ ಹಿಂದೆ ನನ್ನ ಬಳಿ ಒಂದು ಕಾರು ಬಂದಿತ್ತು. ಯಾರೋ ಅಳತೆ ನೋಡದೆ ಸ್ಕ್ರೂ ಬಿಗಿ ಮಾಡಿದ್ದರು. ಒಂದು ತಿಂಗಳು ಚೆನ್ನಾಗಿ ಓಡಿತಂತೆ. ಬಿಚ್ಚಿ ನೋಡಿದರೆ ಫಿಲ್ಟರ್ ತುಂಬ ಪ್ಲೇಟಿನ ಕರಿ ಪುಡಿ. ಮೊದಲಿಗೆ ಇದ್ದ ತೊಂದರೆ ಆ ಫಿಲ್ಟರ್ ಕಸ ಕಟ್ಟಿದ್ದು ಒಂದೇ. ಅಷ್ಟರಲ್ಲಿ ಸೀಲೂ ಹೋಗಿತ್ತು, ಪೂರ್ತಿ ಗೇರ್‌ಬಾಕ್ಸ್ ಇಳಿಸಬೇಕಾಯಿತು.

ಅಳೆಸುವ ತನಕ ಘಟ್ಟದ ದಾರಿ ಬೇಡ. ಹೋಗಲೇಬೇಕಾದರೆ L ಅಥವಾ 2 ರಲ್ಲಿ ನಿಧಾನ ಹತ್ತಿ. ಜಾರಲು ಶುರುವಾದ ಕೂಡಲೇ ಆಕ್ಸಿಲರೇಟರ್ ಬಿಟ್ಟು, ಜಾಗ ನೋಡಿ ಬದಿಗೆ ನಿಲ್ಲಿಸಿ, ತಣಿಯಲು ಬಿಡಿ. ಅಡಿಕೆ ಚೀಲ ಇದ್ದರೆ ಬಸ್ಸಿಗೆ ಹಾಕಿ, ಕಾರಿಗೆ ಭಾರ ಕಮ್ಮಿ.